ಗಾಲಿಬರ ಮನೆಯ ಲೆಕ್ಕ

ತಿಂಗಳ ಸಂಬಳಕ್ಕೆ ಉರ್ದುವಿನಲ್ಲಿ ‘ತನ್‌ಖಾಹ್’ ಎನ್ನುತ್ತಾರೆ. ‘ತನ್’ ಎಂದರೆ ದೇಹ, ‘ಖಾಹ್’ ಎಂದರೆ ಬಯಸುವಂಥದ್ದು. ದೇಹ ಕೇಳುವುದೇ ತನ್‌ಖಾಹ್ ಎಂದು ಶಾಲೆಯಲ್ಲಿ ನಮಗೆ ಬಿಡಿಸಿ ಹೇಳಿದ್ದ ಉಸ್ತಾದರಿಗೆ ಆ ದಿನಗಳಲ್ಲಿ ನಾಲ್ಕು ತಿಂಗಳಿಂದ ಸಂಬಳ ಬಂದಿರಲಿಲ್ಲ. ಅನುದಾನದ ಕಾಗದ ಎಲ್ಲೋ ಒಂದು ಮೇಜಿನ ಮೇಲೆ ಕೂತಿತ್ತು. ಉಸ್ತಾದರು ಇಸ್ತ್ರಿ ಮಾಡಿದ ಶೇರ್ವಾನಿಯಲ್ಲೇ ಶಾಲೆಗೆ ಬರುತ್ತಿದ್ದರು. ಅವರ ಮನೆಯ ಹುಡುಗ ಮಾತ್ರ ಸಂಜೆ ಕತ್ತಲಾದ ಮೇಲೆ ನಮ್ಮ ಅಮ್ಮಿಯ ಬಳಿ ಒಂದು ಸೇರು ಅಕ್ಕಿಗೆ ಬರುತ್ತಿದ್ದ. ಅವನು ಯಾಕೆ ಹಗಲಿನಲ್ಲಿ ಬರುತ್ತಿರಲಿಲ್ಲ ಎಂದು ನಾವು ಆಗ ಯೋಚಿಸಿರಲಿಲ್ಲ.

ಆ ಹುಡುಗ ಮತ್ತೆ ನೆನಪಾದದ್ದು ದೂರದ ಅಮೆರಿಕದ ಸುದ್ದಿ ಓದುವಾಗ. 2025ರ ಅಕ್ಟೋಬರ್ 1ರಂದು ಅಲ್ಲಿನ ಕೇಂದ್ರ ಸರಕಾರದ ಬಹುಪಾಲು ಕಚೇರಿಗಳಿಗೆ ಹಣ ನಿಂತುಹೋಯಿತು. ಖರ್ಚಿನ ಮಸೂದೆಗೆ ಅಲ್ಲಿನ ಸಂಸತ್ತು ಒಪ್ಪಿಗೆ ಕೊಟ್ಟಿರಲಿಲ್ಲ. ನವೆಂಬರ್ 12ರವರೆಗೆ, 43 ದಿನ, ಲಕ್ಷಾಂತರ ನೌಕರರಿಗೆ ಸಂಬಳವಿಲ್ಲ. ಕೆಲವರನ್ನು ಮನೆಗೆ ಕಳುಹಿಸಿದರು, ಕೆಲವರನ್ನು ಸಂಬಳವಿಲ್ಲದೆಯೇ ದುಡಿಸಿಕೊಂಡರು. ಅದಕ್ಕೂ ಮುಂಚೆ 2018ರ ಡಿಸೆಂಬರಿನಿಂದ 2019ರ ಜನವರಿವರೆಗೆ 35 ದಿನ ಇದೇ ಕಥೆ ನಡೆದಿತ್ತು. ಆಗ ಸಂಬಳ ನಿಂತದ್ದು ಸುಮಾರು ಎಂಟು ಲಕ್ಷ ಜನರಿಗೆ. ಸರಕಾರಿ ಗುರುತಿನ ಚೀಟಿ ಕೊರಳಲ್ಲಿ ನೇತುಹಾಕಿಕೊಂಡವರು ದಾನದ ದಿನಸಿಗಾಗಿ ಸಾಲಿನಲ್ಲಿ ನಿಂತರು. ಬಾಕಿ ಸಂಬಳವನ್ನು ಕೊಡಲೇಬೇಕೆಂದು 2019ರಲ್ಲಿ ಕಾಯ್ದೆಯೂ ಆಯಿತು. ಆದರೆ ಬಾಕಿ ಎಂಬುದು ಬರುವಾಗ ಬರುತ್ತದೆ. ಬಾಡಿಗೆ, ಹಾಲು, ಮಗುವಿನ ಔಷಧಿ ಅಷ್ಟು ದಿನ ಕಾಯುವುದಿಲ್ಲ. ಅದೇ ಕಚೇರಿಗಳಲ್ಲಿ ಗುತ್ತಿಗೆಯ ಮೇಲೆ ನೆಲ ಒರೆಸುವವರಿಗೆ, ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವವರಿಗೆ ಆ ಕಾಯ್ದೆಯೂ ಅನ್ವಯಿಸುವುದಿಲ್ಲ.

ಸರಕಾರ ನಿಂತರೆ ಒಂದು ಮನೆಯೊಳಗೆ ಏನಾಗುತ್ತದೆ? ಇತಿಹಾಸದ ಪುಸ್ತಕಗಳು ಇದನ್ನು ಹೇಳುವುದು ಕಡಿಮೆ. ರಾಜರ ಖಜಾನೆಯ ಲೆಕ್ಕ ಸಿಗುತ್ತದೆ, ಅಡುಗೆಮನೆಯ ಲೆಕ್ಕ ಸಿಗುವುದಿಲ್ಲ. ನಮಗೆ ತಿಳಿದಂತೆ ಒಂದು ಮನೆಯ ಲೆಕ್ಕ ಮಾತ್ರ ರೂಪಾಯಿ ಆಣೆಗಳ ಸಮೇತ ಉಳಿದುಕೊಂಡಿದೆ. ಅದು ದಿಲ್ಲಿಯ ಬಲ್ಲೀಮಾರಾನಿನಲ್ಲಿದ್ದ ಮಿರ್ಜಾ ಅಸದುಲ್ಲಾ ಖಾನ್ ಗಾಲಿಬರ ಮನೆ. ಅವರ ಗಜಲುಗಳನ್ನು ಹಾಡಿದವರು ಬಹಳ ಜನ. ಪತ್ರಗಳಲ್ಲಿನ ಲೆಕ್ಕವನ್ನು ಕೂಡಿ ಕಳೆದು ನೋಡಿದವರು ಕಡಿಮೆ.

ಗಾಲಿಬರಿಗೆ ಕಂಪನಿ ಸರಕಾರದಿಂದ ಬರುತ್ತಿದ್ದುದು ವರ್ಷಕ್ಕೆ 750 ರೂಪಾಯಿ, ಅಂದರೆ ತಿಂಗಳಿಗೆ ಅರವತ್ತೆರಡೂವರೆ. ಅದು ಅವರು ದುಡಿದದ್ದಲ್ಲ. ಚಿಕ್ಕಪ್ಪ ನಸ್ರುಲ್ಲಾ ಬೇಗ್ ಖಾನರು 1806ರಲ್ಲಿ ತೀರಿಕೊಂಡ ಮೇಲೆ ಅವರ ಕುಟುಂಬಕ್ಕೆಂದು ಗೊತ್ತಾದ ಪಿಂಚಣಿಯಲ್ಲಿ ಇವರ ಪಾಲು. ತಮಗೆ ಇನ್ನೂ ಹೆಚ್ಚು ಬರಬೇಕಿತ್ತು ಎಂದು ವಾದಿಸಲು ಅವರು ಕಲಕತ್ತೆಯವರೆಗೂ ಹೋಗಿ, 1829ರಲ್ಲಿ ಬರಿಗೈಯಲ್ಲಿ ಮರಳಿದ್ದರು. ಆ ಪ್ರವಾಸದಿಂದ ಹೆಚ್ಚಿದ್ದು ಸಾಲ ಮಾತ್ರ.

1850ರಲ್ಲಿ ಬಾದಶಹ ಬಹಾದುರ್ ಷಾ ಜಫರರು ತೈಮೂರಿ ಮನೆತನದ ಇತಿಹಾಸ ಬರೆಯುವ ಕೆಲಸವನ್ನು ಒಪ್ಪಿಸಿದರು. ವರ್ಷಕ್ಕೆ 600 ರೂಪಾಯಿ ಸಂಬಳ. ಆದರೆ ಕೋಟೆಯಲ್ಲಿ ಸಂಬಳ ಕೊಡುತ್ತಿದ್ದುದು ಆರು ತಿಂಗಳಿಗೊಮ್ಮೆ. ಮನೆ ನಡೆಸಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಆರು ತಿಂಗಳು ಸಾಹುಕಾರನಿಂದ ತಂದು ತಿನ್ನಬೇಕು, ಸಂಬಳ ಬಂದ ದಿನ ಬಡ್ಡಿ ಸಮೇತ ಅವನಿಗೆ ಒಪ್ಪಿಸಿ ಮರುದಿನದಿಂದ ಮತ್ತೆ ಸಾಲ ತರಬೇಕು. ತಿಂಗಳು ತಿಂಗಳು ಸಂಬಳ ಕೊಡಿಸಿ ಎಂದು ಗಾಲಿಬರು ಬಾದಶಹರಿಗೆ ಪದ್ಯದಲ್ಲೇ ಅರ್ಜಿ ಬರೆದರು. ತಮ್ಮ ಸಂಬಳದ ಮೂರನೆಯ ಒಂದು ಪಾಲು ಬಡ್ಡಿಗೆ ಹೋಗುತ್ತಿದೆ ಎಂಬುದು ಆ ಅರ್ಜಿಯ ದೂರು. ಅದನ್ನೇ ಲೆಕ್ಕ ಹಾಕಿದರೆ ಮುನ್ನೂರು ರೂಪಾಯಿಯ ಅರ್ಧವರ್ಷದ ಸಂಬಳದಲ್ಲಿ ಮನೆಗೆ ದಕ್ಕಿದ್ದು ಇನ್ನೂರು. ಈ ಪದ್ಯವನ್ನು ನಮಗೆ ಹಾಸ್ಯದ ಮಾದರಿಯೆಂದು ಪಾಠ ಮಾಡಿದ್ದರು, ತರಗತಿಯೆಲ್ಲ ನಕ್ಕಿತ್ತು. ಪಾಠ ಮಾಡುತ್ತಿದ್ದ ಉಸ್ತಾದರು ನಕ್ಕಿದ್ದರೋ ಇಲ್ಲವೋ ನೆನಪಿಲ್ಲ.

ಗದರಿಗೆ ಮೊದಲೇ ಆದಾಯದ ಕೊಂಬೆಗಳು ಒಂದೊಂದಾಗಿ ಮುರಿಯತೊಡಗಿದ್ದವು. 1856ರ ಫೆಬ್ರವರಿಯಲ್ಲಿ ಕಂಪನಿ ಅವಧ್ ರಾಜ್ಯವನ್ನು ನುಂಗಿತು, ಅಲ್ಲಿಂದ ಬರುತ್ತಿದ್ದ ಗೌರವಧನ ನಿಂತಿತು. ಅದೇ ವರ್ಷ ಯುವರಾಜ ಮಿರ್ಜಾ ಫಖ್ರೂ ತೀರಿಕೊಂಡರು, ಅವರು ಕೊಡುತ್ತಿದ್ದ ವರ್ಷದ 400 ರೂಪಾಯಿಯೂ ಹೋಯಿತು. ಉಳಿದದ್ದು ಕೋಟೆಯ ಐವತ್ತು, ಕಂಪನಿಯ ಅರವತ್ತೆರಡೂವರೆ.

1857ರ ಮೇ 11, ರಂಜಾನಿನ ಹದಿನಾರನೆಯ ದಿನ, ಮೀರತ್ತಿನ ಸಿಪಾಯಿಗಳು ದಿಲ್ಲಿಗೆ ಬಂದರು. ಗಾಲಿಬರು ಬಾಗಿಲು ಹಾಕಿಕೊಂಡು ಮನೆಯೊಳಗೆ ಕೂತರು. ಇಂಗ್ಲಿಷರ ಖಜಾನೆ ಇಲ್ಲವಾಯಿತು, ಪಿಂಚಣಿ ನಿಂತಿತು. ಸೆಪ್ಟೆಂಬರಿನಲ್ಲಿ ಇಂಗ್ಲಿಷರು ನಗರವನ್ನು ಮರಳಿ ಗೆದ್ದಾಗ ಕೋಟೆಯೂ ಇಲ್ಲವಾಯಿತು, ಐವತ್ತು ರೂಪಾಯಿಯೂ ನಿಂತಿತು. ನಾಲ್ಕು ತಿಂಗಳ ಅಂತರದಲ್ಲಿ ಒಂದೇ ಮನೆಗೆ ಎರಡು ಸರಕಾರಗಳು ಮುಚ್ಚಿದವು. ಒಂದು ಮತ್ತೆಂದೂ ತೆರೆಯಲಿಲ್ಲ. ಇನ್ನೊಂದು ತೆರೆದರೂ ಇವರ ಪಾಲಿಗೆ ಮೂರು ವರ್ಷ ಮುಚ್ಚಿಯೇ ಇತ್ತು.

ಅಮೆರಿಕದ ನೌಕರನ ಸಂಕಟವನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಇರಾದೆ ನಮಗಿಲ್ಲ. ಅಲ್ಲಿ ಎರಡು ಪಕ್ಷಗಳ ಜಗಳ. ಇಲ್ಲಿ ಬೀದಿ ಬೀದಿಯಲ್ಲಿ ಗಲ್ಲು. ದಿಲ್ಲಿಯ ಜನರನ್ನು ನಗರದಿಂದಲೇ ಹೊರಹಾಕಿದರು. ಹಿಂದೂಗಳಿಗೆ ಮರಳಲು ಮೊದಲು ಅಪ್ಪಣೆಯಾಯಿತು, ಮುಸಲ್ಮಾನರಿಗೆ ಬಹಳ ತಡವಾಗಿ. ಗಾಲಿಬರ ಗಲ್ಲಿ ಉಳಿದದ್ದು ಅಲ್ಲಿದ್ದ ಹಕೀಮರ ಮನೆತನದಿಂದ. ಆ ಹಕೀಮರು ಪಟಿಯಾಲದ ಮಹಾರಾಜರ ಆಶ್ರಯದವರು, ಮಹಾರಾಜರು ಇಂಗ್ಲಿಷರ ಪಕ್ಷದವರು. ಹಾಗಾಗಿ ಗಲ್ಲಿಯ ಬಾಯಿಗೆ ಪಟಿಯಾಲದ ಕಾವಲು ಬಂತು. ಪ್ರಾಣ ಉಳಿಯಿತು. ನೀರಿರಲಿಲ್ಲ.

ಆ ದಿನಗಳ ಬಗ್ಗೆ ಗಾಲಿಬರು ‘ದಸ್ತಂಬೂ’ ಎಂಬ ಪಾರಸಿ ಪುಸ್ತಕದಲ್ಲಿ ಬರೆದಿದ್ದಾರೆ. ಗಲ್ಲಿಯ ಬಾಗಿಲು ಭದ್ರಪಡಿಸಿ ಒಳಗಿದ್ದವರಿಗೆ ಕುಡಿಯುವ ನೀರು ಮುಗಿದುಹೋಯಿತು. ಆಮೇಲೆ ಮಳೆ ಬಂತು. ಅಂಗಳದಲ್ಲಿ ಚಾದರ ಕಟ್ಟಿ, ಕೆಳಗೆ ಮಡಕೆ ಇಟ್ಟು ನೀರು ಹಿಡಿದರು. ಅಕ್ಟೋಬರಿನಲ್ಲಿ, ಬುದ್ಧಿ ಸ್ವಾಧೀನದಲ್ಲಿಲ್ಲದೆ ಬೇರೆ ಮನೆಯಲ್ಲಿದ್ದ ತಮ್ಮ ಮಿರ್ಜಾ ಯೂಸುಫ್ ತೀರಿಕೊಂಡರು. ಕಫನಿಗೆ ಬಟ್ಟೆ ಮಾರುವ ಅಂಗಡಿ ಇಲ್ಲ, ಮಯ್ಯತ್ತಿಗೆ ಸ್ನಾನ ಮಾಡಿಸುವವರಿಲ್ಲ, ಗೋರಿ ತೋಡುವವರಿಲ್ಲ. ಮನೆಯ ಬಿಳಿ ಚಾದರಗಳಲ್ಲೇ ಸುತ್ತಿ ಹತ್ತಿರದ ಮಸೀದಿಯ ಜಾಗದಲ್ಲಿ ಮಣ್ಣು ಮಾಡಿದರು. ಮನೆಯಲ್ಲಿ ಎರಡು ಗಂಡುಮಕ್ಕಳಿದ್ದವು, ಬಾಕರ್ ಅಲಿ ಮತ್ತು ಹುಸೇನ್ ಅಲಿ. ಗಾಲಿಬ್ ದಂಪತಿಯ ಸ್ವಂತ ಮಕ್ಕಳು ಒಂದೂ ಬದುಕಿರಲಿಲ್ಲ. ಇವು ತೀರಿಹೋದ ಸಂಬಂಧಿ ಆರಿಫರ ಮಕ್ಕಳು, ಸಾಕಿಕೊಂಡವು. ಹಾಲು, ಹಣ್ಣು, ಮಿಠಾಯಿ ಎಂದು ಆ ಮಕ್ಕಳು ಕೇಳುತ್ತಿದ್ದವು. ಸರಕಾರ ಮುಚ್ಚಿದೆ ಎಂದು ಮಗುವಿಗೆ ಹೇಗೆ ಹೇಳುವುದು?

ಮನೆಯಲ್ಲಿ ಹೆಂಗಸು ಒಂದು ಗಂಟನ್ನು ಬೇರೆಯೇ ಇಟ್ಟಿರುತ್ತಾಳೆ. ನಮ್ಮ ಅಮ್ಮಿಯದು ಮಸಾಲೆ ಡಬ್ಬಗಳ ಹಿಂದಿನ ಒಂದು ತಗಡಿನ ಡಬ್ಬಿ. ಅಬ್ಬಾಗೆ ಅದು ಗೊತ್ತಿತ್ತು, ಗೊತ್ತಿಲ್ಲದವರಂತೆ ಇರುತ್ತಿದ್ದರು. ಗಾಲಿಬರ ಪತ್ನಿ ಉಮರಾವ್ ಬೇಗಂ ಕೂಡ ಗಂಡನನ್ನು ಕೇಳದೆಯೇ ತಮ್ಮ ಒಡವೆ ಮತ್ತು ಬೆಲೆಬಾಳುವ ವಸ್ತುಗಳನ್ನು ಕಾಲೇ ಸಾಹೇಬರ ಮನೆಗೆ ಕಳುಹಿಸಿ ಅಲ್ಲಿನ ನೆಲಮಾಳಿಗೆಯಲ್ಲಿ ಇರಿಸಿದ್ದರು. ಅದು ಬಾದಶಹರ ಪೀರರ ಮನೆ, ಅದಕ್ಕಿಂತ ಸುರಕ್ಷಿತ ಜಾಗ ಯಾವುದು ಎಂದು ಎಣಿಸಿರಬೇಕು. ಸೈನಿಕರು ಅದನ್ನೇ ದೋಚಿದರು. ಸಂಗತಿ ಆಮೇಲೆ ಗಂಡನಿಗೆ ತಿಳಿಯಿತು. ಬೇಗಂ ಏನೆಂದರು ಎಂಬುದನ್ನು ಗಾಲಿಬರು ಬರೆದಿಲ್ಲ. ಕಥೆ ಬರೆಯುವ ನಮಗೆ ಆ ಸಂಜೆಯನ್ನು ಊಹಿಸುವುದು ಕಷ್ಟವಲ್ಲ; ಆದರೆ ಇದು ಇತಿಹಾಸದ ಬರಹ, ಊಹೆಯನ್ನು ಇಲ್ಲಿಗೇ ಬಿಡುತ್ತೇವೆ. ಒಡವೆ ಹೋದ ಮೇಲೆ ಮಾರಲು ಉಳಿದದ್ದು ಬಟ್ಟೆಬರೆ, ಹಾಸಿಗೆ ಹೊದಿಕೆ. ಒಂದೊಂದಾಗಿ ಅವೂ ಹೋದವು. ಅದರ ಬಗ್ಗೆಯೂ ಗಾಲಿಬರು ತಮ್ಮನ್ನು ತಾವೇ ಗೇಲಿ ಮಾಡಿಕೊಂಡು ಬರೆದರು.

ಹಾಗಾದರೆ ಮನೆ ನಡೆದದ್ದು ಹೇಗೆ? ‘ದಸ್ತಂಬೂ’ವಿನಲ್ಲೇ ಕೆಲವು ಹೆಸರುಗಳಿವೆ. ಮಹೇಶ್ ದಾಸ್, ಹೀರಾ ಸಿಂಗ್, ಶಿವಜಿ ರಾಮ್ ಬ್ರಾಹ್ಮಣ, ಅವರ ಮಗ ಬಾಲಮುಕುಂದ್. ಇವರೆಲ್ಲ ಆ ದಿನಗಳಲ್ಲಿ ಮನೆಗೆ ಬಂದು ಹೋಗಿ ನೆರವಾದವರು. ಶಿಷ್ಯ ಮುನ್ಷಿ ಹರಗೋಪಾಲ್ ತಫ್ತಾ ಹಣ ಕಳುಹಿಸುತ್ತಿದ್ದರು. ತಮ್ಮ ಊರಿನಲ್ಲಿ ತಮ್ಮದೇ ಜನ ಚದುರಿಹೋಗಿ, ಸತ್ತು, ಅಡಗಿ ಕೂತಿದ್ದಾಗ ಬಾಗಿಲು ತಟ್ಟಿದವರು ಇವರು. ಮಹೇಶ್ ದಾಸರು ಒದಗಿಸಿದ್ದು ಅಕ್ಕಿ ಬೇಳೆಯನ್ನಲ್ಲ, ಮದ್ಯವನ್ನು ಎಂಬುದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಗಾಲಿಬರೇ ಅದನ್ನು ಮುಚ್ಚಿಟ್ಟವರಲ್ಲ. ಮನೆಯ ಲೆಕ್ಕದಲ್ಲಿ ಅದೊಂದು ದೊಡ್ಡ ಬಾಬತ್ತು. ಉಪವಾಸದ ದಿನಗಳಲ್ಲೂ ಅದು ಕೊನೆಗೆ ಕೈಬಿಡುವ ಬಾಬತ್ತಾಗಿತ್ತು.

ಪಿಂಚಣಿ ಮರಳಿ ಪಡೆಯುವುದಕ್ಕೆ ಗಾಲಿಬರು ಮಾಡಿದ ಪ್ರಯತ್ನಗಳಲ್ಲಿ ಬಹು ದೊಡ್ಡದು ಈ ‘ದಸ್ತಂಬೂ’ ಪುಸ್ತಕವೇ. ಅರಬ್ಬಿ ಪದಗಳನ್ನು ದೂರವಿಟ್ಟು ಶುದ್ಧ ಪಾರಸಿಯಲ್ಲಿ ಬರೆದದ್ದು. 1858ರ ನವೆಂಬರಿನಲ್ಲಿ ಆಗ್ರಾದಲ್ಲಿ ಅಚ್ಚಾಯಿತು. ಮಹಾರಾಣಿ ವಿಕ್ಟೋರಿಯಾಗೆ, ದೊಡ್ಡ ಸಾಹೇಬರುಗಳಿಗೆ ಕಳುಹಿಸಲೆಂದು ಅಂದದ ರಟ್ಟು ಹಾಕಿಸಿದರು. ಅದರಲ್ಲಿ ಇಂಗ್ಲಿಷರ ಹೊಗಳಿಕೆಯಿದೆ, ದಂಗೆಯೆದ್ದವರ ಬಗ್ಗೆ ಕಟುವಾದ ಮಾತುಗಳಿವೆ. ನಿನ್ನೆಯವರೆಗೂ ಅನ್ನ ಕೊಟ್ಟಿದ್ದ ಬಾದಶಹರು 1858ರ ಅಕ್ಟೋಬರಿನಲ್ಲಿ ಸೆರೆಯಾಳಾಗಿ ರಂಗೂನಿನ ದಾರಿ ಹಿಡಿದಿದ್ದರು. ಅದೇ ಕಾಲದಲ್ಲಿ ಅವರ ಆಸ್ಥಾನಕವಿ ಮುದ್ರಣಾಲಯಕ್ಕೆ ಕಾಗದ, ಶಾಯಿ, ರಟ್ಟುಗಳ ಬಗ್ಗೆ ಪತ್ರ ಬರೆಯುತ್ತಿದ್ದರು.

ಇದನ್ನು ಓದಿ ಗಾಲಿಬರನ್ನು ಹೊಗಳುಭಟ್ಟ ಎಂದವರಿದ್ದಾರೆ. ನಮಗೂ ಮೊದಲ ಸಲ ಓದಿದಾಗ ಕಸಿವಿಸಿಯಾಗಿತ್ತು, ಈಗಲೂ ಅದು ಪೂರ್ತಿ ಹೋಗಿಲ್ಲ. ಆದರೆ ಅದೇ ಮನುಷ್ಯ ಅದೇ ತಿಂಗಳುಗಳಲ್ಲಿ ಗೆಳೆಯರಿಗೆ ಬರೆದ ಉರ್ದು ಪತ್ರಗಳಲ್ಲಿ ದಿಲ್ಲಿಯ ಸಾವು, ಬೀಳಾದ ಮೊಹಲ್ಲಾಗಳು, ಕೆಡವಿದ ಮನೆಗಳು, ಗಲ್ಲಿಗೇರಿದ ಗೆಳೆಯರು ಎಲ್ಲ ಇದ್ದಾರೆ. ಪುಸ್ತಕದ ಲೇಖನಿ ಕಚೇರಿಗೆ, ಪತ್ರದ ಲೇಖನಿ ಮನಸ್ಸಿಗೆ. ಸಂಬಳವನ್ನು ತಡೆಹಿಡಿದವನಿಗೆ ಒಬ್ಬ ಬರಹಗಾರನಿಂದ ಏನನ್ನು ಬರೆಸಿಕೊಳ್ಳಲು ಸಾಧ್ಯ ಎಂಬುದಕ್ಕೆ ‘ದಸ್ತಂಬೂ’ಗಿಂತ ದೊಡ್ಡ ಸಾಕ್ಷಿ ನಮಗೆ ಕಂಡಿಲ್ಲ. ಹಾಲು ಕೇಳುವ ಎರಡು ಮಕ್ಕಳು ಮನೆಯಲ್ಲಿದ್ದಾಗ ನಾವಾದರೆ ಏನು ಬರೆಯುತ್ತಿದ್ದೆವು ಎಂಬ ಪ್ರಶ್ನೆಗೆ ನಮ್ಮಲ್ಲಿ ಧೈರ್ಯದ ಉತ್ತರವಿಲ್ಲ.

ಅಷ್ಟಾದರೂ ಪಿಂಚಣಿ ಬಿಡುಗಡೆಯಾಗಲಿಲ್ಲ. ಗದರಿನ ದಿನಗಳಲ್ಲಿ ಬಾದಶಹರ ಹೆಸರಿನ ನಾಣ್ಯಕ್ಕೆ ಪದ್ಯ ಬರೆದುಕೊಟ್ಟವರು ಇವರೇ ಎಂಬ ಚಾಡಿ ಇಂಗ್ಲಿಷರ ಕಾಗದಪತ್ರದಲ್ಲಿ ಸೇರಿಹೋಗಿತ್ತು. ಅದು ನನ್ನದಲ್ಲ, 1837ರಲ್ಲಿ ಜಫರರು ಪಟ್ಟಕ್ಕೆ ಬಂದಾಗ ಕವಿ ಜೌಕ್ ಬರೆದದ್ದು ಎಂಬುದು ಗಾಲಿಬರ ವಾದ. ಅದನ್ನು ಸಾಬೀತು ಮಾಡಲು ಇಪ್ಪತ್ತು ವರ್ಷ ಹಿಂದಿನ ‘ದೆಹಲಿ ಉರ್ದು ಅಖಬಾರ್’ ಸಂಚಿಕೆಗಾಗಿ ಊರೂರಿನ ಗೆಳೆಯರಿಗೆ ಬರೆದರು. ಸಿಗಲಿಲ್ಲ. ತಿಂಗಳಿಗೆ ಅರವತ್ತೆರಡೂವರೆ ರೂಪಾಯಿಗಾಗಿ ಅರವತ್ತರ ಮುದುಕ ಹಳೆಯ ಪತ್ರಿಕೆಯ ಒಂದು ಹಾಳೆ ಹುಡುಕಿಸುತ್ತಿದ್ದರು. ಕಚೇರಿಗಳಲ್ಲಿ ಜೀವಿತ ಪ್ರಮಾಣಪತ್ರ ಹಿಡಿದು ನಿಂತ ಹಿರಿಯರನ್ನು ಕಂಡಾಗಲೆಲ್ಲ ನಮಗೆ ಇದು ಕಣ್ಣಮುಂದೆ ಬರುತ್ತದೆ.

1859ರ ಜುಲೈಯಿಂದ ಶಿಷ್ಯರಾದ ರಾಂಪುರದ ನವಾಬ್ ಯೂಸುಫ್ ಅಲಿ ಖಾನರು ತಿಂಗಳಿಗೆ 100 ರೂಪಾಯಿ ಕಳುಹಿಸತೊಡಗಿದರು. ಮನೆ ಉಸಿರಾಡಿತು. ಕೊನೆಗೆ 1860ರ ಮೇ ತಿಂಗಳಲ್ಲಿ ಸರಕಾರ ಪಿಂಚಣಿಯನ್ನು ಮರಳಿ ಕೊಟ್ಟಿತು, ಮೂರು ವರ್ಷಗಳ ಬಾಕಿ ಸಮೇತ.

ಆ ಬಾಕಿಯ ಹಣ ಏನಾಯಿತು ಎಂಬುದನ್ನು ಗಾಲಿಬರು ಗೆಳೆಯರೊಬ್ಬರಿಗೆ ಬರೆದ ಪತ್ರದಲ್ಲಿ ತಿಳಿಸಿದ್ದಾರೆ. ಉರ್ದು ಗದ್ಯದಲ್ಲಿ ನಾವು ಎಷ್ಟು ಸಲ ಓದಿದರೂ ದಣಿಯದ ಪುಟ ಇದು. ಅರವತ್ತೆರಡೂವರೆಯಂತೆ ಮೂವತ್ತಾರು ತಿಂಗಳು, ಒಟ್ಟು 2250 ರೂಪಾಯಿ. ನಡುವೆ ಖರ್ಚಿಗೆಂದು ಸರಕಾರ ಕೊಟ್ಟಿದ್ದ 100 ಅದರಲ್ಲಿ ವಜಾ. ಚಿಲ್ಲರೆ ಬಾಬತ್ತುಗಳಿಗೆ 150 ಹೋಯಿತು. ಉಳಿದದ್ದು 2000. ಅದನ್ನು ತರಲು ಹೋದ ಮುಖ್ತಾರನೇ ಗಾಲಿಬರ ಹಳೆಯ ಸಾಲಗಾರ, ಒಬ್ಬ ಬನಿಯಾ. ಅವನು ಹಣವನ್ನು ತನ್ನ ಬಳಿಯೇ ಇಟ್ಟುಕೊಂಡು, ಮೊದಲು ನನ್ನ ಲೆಕ್ಕ ಮುಗಿಸಿ ಎಂದ. ಅಸಲು ಬಡ್ಡಿ ಸೇರಿ ಅವನದು ಏಳು ಕಡಿಮೆ ಹದಿನೈದು ನೂರು. ಇತರರಿಗೆ ಕೊಡಬೇಕಾದ ಬಿಡಿ ಸಾಲಗಳನ್ನು ಅವನಿಂದಲೇ ಲೆಕ್ಕ ಹಾಕಿಸಿದರೆ ಹನ್ನೊಂದು ನೂರಕ್ಕೂ ಮೇಲೆ. ಎರಡೂ ಸೇರಿ ಇಪ್ಪತ್ತಾರು ನೂರು. ಕೈಗೆ ಬಂದದ್ದು ಎರಡು ಸಾವಿರ, ಆರುನೂರು ನಷ್ಟ! ನನ್ನದು ನನಗೆ, ಉಳಿದ 507 ನಿಮಗೆ ಎಂಬುದು ಬನಿಯಾನ ಮಾತು. ಮೊದಲು ಹೊರಗಿನವರ ಹನ್ನೊಂದು ನೂರು ತೀರಿಸು, ಮಿಕ್ಕ ಒಂಬೈನೂರರಲ್ಲಿ ಅರ್ಧ ನಿನಗೆ ಅರ್ಧ ನನಗೆ ಎಂಬುದು ಗಾಲಿಬರ ಮಾತು.

ಈ ಚೌಕಾಸಿಯಲ್ಲಿ ಮನೆವಾರ್ತೆಯ ಒಂದು ಹಳೆಯ ಜಾಣತನವಿದೆ. ಐನೂರ ಏಳನ್ನು ಬಿಟ್ಟು ನಾನೂರ ಐವತ್ತಕ್ಕೆ ಯಾಕೆ ಒಪ್ಪಿಕೊಳ್ಳಬೇಕು? ದೊಡ್ಡ ಸಾಹುಕಾರ ಒಬ್ಬ. ಅವನಿಗೆ ಅರ್ಧ ಕೊಟ್ಟರೂ ಬಡ್ಡಿಯ ಆಸೆಗೆ ಕಾಯುತ್ತಾನೆ. ಬಿಡಿ ಸಾಲಗಾರರು ಹಲವರು, ಬೀದಿಯಲ್ಲಿ ದಿನಾ ಎದುರಾಗುವವರು. ಅವರ ಬಾಯಿ ಮುಚ್ಚಿದರೆ ಮುಂದಿನ ತಿಂಗಳ ಉದ್ರಿಯ ಬಾಗಿಲು ತೆರೆದಿರುತ್ತದೆ. ನಮ್ಮ ಉಸ್ತಾದರೂ ಬಾಕಿ ಬಂದಾಗ ಮೊದಲು ಹೋದದ್ದು ಮೂಲೆಯ ಕಿರಾಣಿ ಅಂಗಡಿಗೆ, ನಂತರ ಹಾಲಿನವನಲ್ಲಿಗೆ. ಗಿರವಿ ಅಂಗಡಿಗೆ ಹೋಗಲು ಹಣ ಉಳಿಯಲಿಲ್ಲ, ಅವರ ಮನೆಯವರ ಬಳೆಗಳು ಅಲ್ಲೇ ಮುಳುಗಿದವು ಎಂದು ಅಮ್ಮಿ ಹೇಳಿದ್ದು ನೆನಪಿದೆ.

ಬಾಕಿ ಬಂದ ಮೇಲೂ ಗಾಲಿಬರ ಮನೆ ಸುಧಾರಿಸಲಿಲ್ಲ. ಆದಾಯ ಈಗ ಲೆಕ್ಕಕ್ಕೆ ಸಿಗುತ್ತಿತ್ತು: ರಾಂಪುರದ 100, ಪಿಂಚಣಿಯ ಅರವತ್ತೆರಡೂವರೆ, ಒಟ್ಟು 162 ರೂಪಾಯಿ 8 ಆಣೆ. ಖರ್ಚು ಮುನ್ನೂರು ಎಂದು ಅವರೇ ಒಂದೆಡೆ ಬರೆದಿದ್ದಾರೆ. ಇನ್ನೊಂದು ಪತ್ರದಲ್ಲಿ ತಲೆಯ ಮೇಲಿನ ಹೊರೆಗಳನ್ನು ಸಾಲಾಗಿ ಎಣಿಸುತ್ತಾರೆ. ಅದರಲ್ಲಿ ಮೊದಲನೆಯದು ಇನ್‌ಕಂ ಟ್ಯಾಕ್ಸ್! ಗದರನ್ನು ಹತ್ತಿಕ್ಕಿದ ಖರ್ಚಿನಿಂದ ಬರಿದಾದ ಬೊಕ್ಕಸ ತುಂಬಲು ಜೇಮ್ಸ್ ವಿಲ್ಸನ್ 1860ರಲ್ಲಿ ತಂದ ಹೊಸ ತೆರಿಗೆ ಅದು. ಮೂರು ವರ್ಷ ಪಿಂಚಣಿ ತಡೆಹಿಡಿದ ಸರಕಾರ, ಕೊಟ್ಟ ವರ್ಷವೇ ಅದರಿಂದ ಪಾಲು ಕೇಳತೊಡಗಿತ್ತು. ಆಮೇಲೆ ಚೌಕೀದಾರನ ತೆರಿಗೆ, ಬಡ್ಡಿ, ಅಸಲಿನ ಕಂತು, ಬೀಬಿ, ಮಕ್ಕಳು, ಆಳುಕಾಳುಗಳು.

ದಿನದ ಖರ್ಚೂ ನಿಂತುಹೋಗುವ ಸ್ಥಿತಿ ಬಂದಾಗ ಗಾಲಿಬರು ಕತ್ತರಿ ಹಾಕಿದ್ದು ತಮ್ಮ ಬಾಯಿಗೆ. ಬೆಳಗಿನ ತಂಪು ಪಾನಕ ಬಂದ್. ಹಗಲೂಟದ ಮಾಂಸ ಅರ್ಧ. ರಾತ್ರಿಯ ಮದ್ಯ, ಅದಕ್ಕೆ ಬೆರೆಸುತ್ತಿದ್ದ ಗುಲಾಬಿ ನೀರು, ಎರಡೂ ಬಂದ್. ಇದರಿಂದ ತಿಂಗಳಿಗೆ ಇಪ್ಪತ್ತು ಇಪ್ಪತ್ತೆರಡು ರೂಪಾಯಿ ಉಳಿದು ದಿನದ ಸಾಮಾನಿಗೆ ಒದಗಿತು. ಗದರಿನ ಹಸಿವಿನಲ್ಲಿ ಬಿಡದಿದ್ದುದನ್ನು ಸಾಲದ ಕಂತು ಬಿಡಿಸಿತು. ತಿಂಗಳು ತುಂಬುವ ಮೊದಲೇ ರಾಂಪುರದಿಂದ ಮಾಮೂಲಿಗಿಂತ ಹೆಚ್ಚಿನ ಹಣ ಬಂದುಬಿಟ್ಟಿತು. ಕಂತಿನ ಸಾಲ ತೀರಿತು, ಬಿಡಿ ಸಾಲ ಉಳಿಯಿತು. ಪಾನಕ, ಮದ್ಯ ಮತ್ತೆ ಶುರುವಾದವು, ಮಾಂಸ ಪೂರ್ತಿ ಬರತೊಡಗಿತು. ಪತ್ರದ ಧಾಟಿಯಲ್ಲಿ ಹಬ್ಬದ ಖುಷಿಯಿದೆ.

ಆ ಮನೆಯಲ್ಲಿ ಕಲ್ಲೂ ಎಂಬ ಹಳೆಯ ಆಳು ಇದ್ದ. ವಫಾದಾರ್ ಎಂಬ ಕೆಲಸದವಳೂ ಇದ್ದಳು. ಗಾಲಿಬರ ಪತ್ರಗಳಲ್ಲಿ ಅವರು ಬಂದು ಹೋಗುತ್ತಾರೆ, ತಮಾಷೆಯ ಸಂಗತಿಗಳಿಗೆ ಕಾರಣರಾಗುತ್ತಾರೆ. 2250 ರೂಪಾಯಿಯ ಲೆಕ್ಕದಲ್ಲಿ ಅವರ ಹೆಸರಿಲ್ಲ. ಬೇಗಮರ ಒಡವೆಯೂ ಇಲ್ಲ. ಹಗಲೂಟದ ಮಾಂಸ ಅರ್ಧವಾದ ಆ ತಿಂಗಳು ಅಡುಗೆಮನೆಯಲ್ಲಿ ಯಾರ ತಟ್ಟೆಗೆ ಎಷ್ಟು ಬಿತ್ತು ಎಂಬುದನ್ನೂ ಪತ್ರ ಹೇಳುವುದಿಲ್ಲ.